ಹೊಸ ಕ್ಯಾಮೆರಾದೊಳಗಿನ ಕಪ್ಪು ಚುಕ್ಕೆ

ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವುದು ನಮ್ಮ ಹಿರಿಯರ ರೂಢಿ. ಒಡಕು ದನಿ ಬಂದರೆ ಬಿರುಕು ಇದೆ ಎಂದು ಅರ್ಥ. ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿಯೇ ಚೀಲಕ್ಕೆ ಹಾಕುತ್ತೇವೆ. ಆದರೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ಡಿಜಿಟಲ್ ಕ್ಯಾಮೆರಾ ಕೊಳ್ಳುವಾಗ ಡಬ್ಬಿ ಒಡೆದಿಲ್ಲ ಎಂಬುದನ್ನಷ್ಟೇ ನೋಡಿ ಮನೆಗೆ ತರುತ್ತೇವೆ. ಹೊಸದು ಎಂದ ಮೇಲೆ ದೋಷವೆಲ್ಲಿಂದ ಬರಬೇಕು ಎಂಬ ನಂಬಿಕೆ ನಮ್ಮದು. ಈ ನಂಬಿಕೆ ಎಷ್ಟು ಸರಿ ಎಂಬುದೇ ಇಂದಿನ ಮಾತಿನ ವಿಷಯ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕಾಗಿ ನಾವು ಕೆರೆಯೊಂದರ ಸ್ಥಿರಚಿತ್ರಗಳನ್ನು ತೆಗೆದೆವು. ಕ್ಯಾಮೆರಾ ಹೊಚ್ಚ ಹೊಸದು. ಸಂಜೆ ದೊಡ್ಡ ಪರದೆಯ ಮೇಲೆ ನೋಡಿದಾಗ ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ. ಹದ್ದು ಇರಬೇಕು ಎಂದುಕೊಂಡೆವು. ಮುಂದಿನ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಹದ್ದು! ನಾಲ್ಕನೆಯ ಚಿತ್ರದ ಹೊತ್ತಿಗೆ ನಮ್ಮ ನಗು ನಿಂತಿತ್ತು. ನಾವೇನೋ ಮರುದಿನ ಮತ್ತೆ ಕೆರೆಗೆ ಹೋದೆವು. ಮದುವೆಯ ಚಿತ್ರ ತೆಗೆಯುವವರಿಗೆ ಆ ಅವಕಾಶವಿಲ್ಲ. ಧಾರೆಯನ್ನು ಎರಡು ಸಲ ಎರೆಯುವುದಿಲ್ಲ.

ಈ ಚುಕ್ಕೆ ಎಲ್ಲಿಂದ ಬರುತ್ತದೆ? ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಬಿಲ್ಲೆ ಇದೆ. ಅದರ ಮುಂದೆ ತೆಳುವಾದ ಗಾಜು, ಅದರ ಮುಂದೆ ತೆರೆದು ಮುಚ್ಚುವ ಶಟರ್. ಗಾಜಿನ ಮೇಲೆ ಕಣವೊಂದು ಕುಳಿತರೆ ಅದರ ನೆರಳು ಸೆನ್ಸರಿನ ಮೇಲೆ ಬೀಳುತ್ತದೆ. ಫಿಲ್ಮಿನಲ್ಲಾದರೆ ಪ್ರತಿ ಚಿತ್ರಕ್ಕೂ ಹೊಸ ತುಣುಕು ಬರುತ್ತಿತ್ತು. ಸೆನ್ಸರ್ ಮಾತ್ರ ಕುಳಿತಲ್ಲೇ ಕುಳಿತಿರುತ್ತದೆ, ಚುಕ್ಕೆಯೂ ಹಾಗೆಯೇ. ಮೋಡದ ದಿನ ಬೆಳಕು ಎಲ್ಲ ದಿಕ್ಕಿನಿಂದ ಬಂದು ನಮ್ಮ ನೆರಳು ಮಸುಕಾಗುತ್ತದೆ, ಬಿಸಿಲಿನಲ್ಲಿ ಸ್ಪಷ್ಟವಾಗುತ್ತದೆ. ಅದರಂತೆಯೇ ಮಸೂರದ ಕಂಡಿಯನ್ನು, ಅಂದರೆ ಅಪರ್ಚರನ್ನು, ಅಗಲವಾಗಿ ತೆರೆದರೆ ಚುಕ್ಕೆ ಕಾಣದು. ಕಿರಿದು ಮಾಡಿದರೆ ಎದ್ದು ಕಾಣುತ್ತದೆ.

ಇದರ ಪ್ರಸಿದ್ಧ ಉದಾಹರಣೆ ನಿಕಾನ್ ಡಿ600. 2012ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಈ ಕ್ಯಾಮೆರಾದ ಸೆನ್ಸರಿನಲ್ಲಿ ಸುಮಾರು 240 ಲಕ್ಷ ಬೆಳಕಿನ ಬಿಂದುಗಳಿದ್ದವು. ಕೆಲವೇ ವಾರಗಳಲ್ಲಿ ಬಳಕೆದಾರರು ಚಿತ್ರದ ಮೇಲಿನ ಎಡ ಮೂಲೆಯಲ್ಲಿ ಚುಕ್ಕೆಗಳನ್ನು ಗುರುತಿಸಿದರು. ಲೆನ್ಸ್ ಬದಲಿಸುವಾಗ ಯಾವ ಕ್ಯಾಮೆರಾಕ್ಕಾದರೂ ಧೂಳು ಹೋಗುವುದುಂಟು. ಇಲ್ಲಿ ಶುಚಿ ಮಾಡಿದ ಮೇಲೂ ಚುಕ್ಕೆಗಳು ಮರಳಿ ಬರುತ್ತಿದ್ದವು. ಅನುಮಾನ ಶಟರ್ ಭಾಗದ ಮೇಲೆ ಹೋಯಿತು. 2013ರ ಫೆಬ್ರುವರಿಯಲ್ಲಿ ಕಂಪನಿ ಚುಕ್ಕೆಗಳ ವಿಷಯವನ್ನು ಒಪ್ಪಿ, ಶುಚಿಗೊಳಿಸುವ ಸಲಹೆ ನೀಡಿತು. ಅದೇ ಅಕ್ಟೋಬರಿನಲ್ಲಿ ಹೊಸ ಶಟರಿನೊಂದಿಗೆ ಡಿ610 ಬಂದಿತು. ಹಳೆಯದನ್ನು ಕೊಂಡವರ ಗತಿ? 2014ರ ಫೆಬ್ರುವರಿಯಲ್ಲಿ, ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರೀಕ್ಷಿಸಿ ಶಟರ್ ಬದಲಿಸುವುದಾಗಿ ಕಂಪನಿ ಪ್ರಕಟಿಸಿತು. ಮುಂದಿನ ತಿಂಗಳು, ವಿಶ್ವ ಗ್ರಾಹಕರ ಹಕ್ಕುಗಳ ದಿನವಾದ ಮಾರ್ಚ್ 15ರಂದು, ಚೀನಾದ ಸರ್ಕಾರಿ ದೂರದರ್ಶನ ಈ ದೋಷವನ್ನು ಬಯಲಿಗೆಳೆಯಿತು. ಅದರ ಬೆನ್ನಿಗೇ ಶಾಂಘೈ ಅಧಿಕಾರಿಗಳು ಆ ಕ್ಯಾಮೆರಾದ ಮಾರಾಟ ನಿಲ್ಲಿಸಲು ಆದೇಶಿಸಿದರು. ಬಿಡುಗಡೆಯಿಂದ ಇಲ್ಲಿಗೆ ಒಂದೂವರೆ ವರ್ಷ ಕಳೆದಿತ್ತು.

ಇದೊಂದೇ ಅಲ್ಲ. 2006ರಲ್ಲಿ ಬಂದ ಲೈಕಾ ಎಂ8 ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನೂ ಹೀರಿಕೊಂಡು, ಕೆಲವು ಕಪ್ಪು ಕೃತಕ ಬಟ್ಟೆಗಳನ್ನು ನೇರಳೆಗೆಂಪಾಗಿ ತೋರಿಸುತ್ತಿತ್ತು. ಕಂಪನಿ ಕೊಂಡವರಿಗೆ ಎರಡು ಫಿಲ್ಟರುಗಳನ್ನು ಉಚಿತವಾಗಿ ಕೊಟ್ಟಿತು. 2005ರಲ್ಲಿ ಸೋನಿ ತಯಾರಿಸಿದ ಕೆಲವು ಸೆನ್ಸರುಗಳು ಬಿಸಿ ಮತ್ತು ತೇವದ ಹವೆಯಲ್ಲಿ ಕೆಡುತ್ತಿದ್ದುದು ತಿಳಿದುಬಂದಾಗ, ಅವನ್ನು ಬಳಸಿದ್ದ ಹಲವು ಕಂಪನಿಗಳ ಕ್ಯಾಮೆರಾಗಳು ಒಟ್ಟಿಗೇ ರಿಪೇರಿಗೆ ಬಂದವು. ಹೊರಗಿನ ಹೆಸರು ಬೇರೆ ಬೇರೆ, ಒಳಗಿನ ಬಿಲ್ಲೆ ಒಂದೇ!

ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವುದಿಲ್ಲವೇ? ಮಾಡುತ್ತಾರೆ. ಆದರೆ ಕೆಲವು ದೋಷಗಳು ಸಾವಿರಾರು ಸಲ ಶಟರ್ ಒತ್ತಿದ ಮೇಲೆ, ಇಲ್ಲವೇ ಬೇಸಿಗೆ ಮಳೆಗಾಲಗಳನ್ನು ಕಂಡ ಮೇಲೆ ತಲೆದೋರುತ್ತವೆ. ಹೀಗಾಗಿ ಮೊದಲು ಕೊಂಡವರು ತಮಗರಿವಿಲ್ಲದೆಯೇ ಪರೀಕ್ಷಕರಾಗುತ್ತಾರೆ. ಪರೀಕ್ಷಕರಾದ ಮೇಲೆ ನಾವು ಆ ಕೆಲಸವನ್ನು ಸರಿಯಾಗಿ ಮಾಡುವುದು ಒಳ್ಳೆಯದು.

ಕ್ಯಾಮೆರಾ ತಂದ ದಿನವೇ ಅಪರ್ಚರನ್ನು 16 ಅಥವಾ 22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಅಥವಾ ಮೋಡವಿಲ್ಲದ ಆಕಾಶದ ಚಿತ್ರ ತೆಗೆಯಿರಿ. ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ. ಚಿತ್ರವನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ. ಕ್ಯಾಮೆರಾವನ್ನು ಬೇರೆಡೆ ತಿರುಗಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಒಳಗಿನದು. ಬಟ್ಟೆಯಿಂದ ಒರೆಸಲು ಹೋಗಬೇಡಿ. ವಾರಂಟಿ ಮುಗಿಯುವ ಮುನ್ನ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಬಿಲ್ಲನ್ನು ಜೋಪಾನ ಮಾಡಿ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಬರವಣಿಗೆಯಲ್ಲಿ ಕೊಡಿ, ದಿನಾಂಕವಿರುವ ಚಿತ್ರಗಳನ್ನು ಜೊತೆಗಿಡಿ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ.

ಯಂತ್ರ ಮಾಡುವವರು ಮನುಷ್ಯರೇ, ತಪ್ಪುವುದು ಸಹಜ. ತಪ್ಪನ್ನು ಒಪ್ಪಿ ಸರಿಪಡಿಸುವ ಕಂಪನಿಯನ್ನು ನಂಬಬಹುದು. ಆದರೆ ಕೊಂಡವರು ಕೇಳದಿದ್ದರೆ ಒಪ್ಪುವ ಅವಸರ ಯಾರಿಗಿದೆ? ಮಡಕೆಯನ್ನು ತಟ್ಟಿ ನೋಡುವ ನಮ್ಮ ಅಜ್ಜಿಯರು ಕುಂಬಾರನನ್ನು ಅವಮಾನಿಸುತ್ತಿರಲಿಲ್ಲ, ಮನೆಯವರ ನೀರನ್ನು ಕಾಯುತ್ತಿದ್ದರು. ಹೊಸ ಕ್ಯಾಮೆರಾವನ್ನೂ ನಾವು ಹಾಗೆಯೇ ಒಮ್ಮೆ ತಟ್ಟಿ ನೋಡೋಣ.