ಸತ್ತವಳ ಹೆಸರು ಯಾವ ಪುಸ್ತಕದಲ್ಲಿದೆ?

(ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ವರದಕ್ಷಿಣೆಯ ವಿರುದ್ಧ ನಾವು ಘೋಷಣೆ ಕೂಗಿದ್ದೇವೆ, ಮೆರವಣಿಗೆ ಮಾಡಿದ್ದೇವೆ, ಬೀದಿ ನಾಟಕ ಆಡಿದ್ದೇವೆ. ಇವತ್ತು ನಾನು ಮಾತಾಡಲು ಬಂದಿರುವುದು ಒಂದು ಕಾಗದದ ಬಗ್ಗೆ. ಮರಣ ಪ್ರಮಾಣ ಪತ್ರ. ನಮ್ಮ ಜನರ ಬಾಯಲ್ಲಿ 'ಡೆತ್ ಸರ್ಟಿಫಿಕೇಟು'. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಹೆಣ್ಣುಮಕ್ಕಳ ಜೊತೆ ಕಚೇರಿಗಳಿಗೆ ಹೋಗುವುದು ನನ್ನ ಎರಡನೇ ಕೆಲಸವಾಗಿದೆ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ, ಯಾವುದೋ ರಿಜಿಸ್ಟರಿನ ಒಂದು ಸಾಲಿನಲ್ಲಿ ನ್ಯಾಯ ಕೈತಪ್ಪಿ ಹೋಗಿರುವುದನ್ನು ಅಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ದಾಖಲೆ ಹುಡುಕುವುದು ಗುಮಾಸ್ತರ ಕೆಲಸ, ಹೋರಾಟದ ಕೆಲಸವಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಬೆಂಗಳೂರಿನ 'ವಿಮೋಚನಾ' ಸಂಘಟನೆಯ ಕತೆ ಹೇಳಿ. 1990ರ ದಶಕದಲ್ಲಿ ಡೋನಾ ಫೆರ್ನಾಂಡಿಸ್ ಮತ್ತು ಅವರ ಸಂಗಾತಿಗಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋದರು, ಪೊಲೀಸ್ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿದರು. 1997ರಲ್ಲಿ ಬೆಂಗಳೂರು ನಗರದಲ್ಲಿ ಮಹಿಳೆಯರ 1,133 ಅಸಹಜ ಸಾವುಗಳು ದಾಖಲಾಗಿದ್ದವು. ಅವುಗಳಲ್ಲಿ ಕೊಲೆ ಎಂದು ಬರೆದದ್ದು 157. ಆತ್ಮಹತ್ಯೆ 546, ಆಕಸ್ಮಿಕ 430. ಆಕಸ್ಮಿಕ ಎಂದರೆ ಏನು? ಅಡುಗೆ ಮಾಡುವಾಗ ಸೆರಗಿಗೆ ಬೆಂಕಿ, ಸ್ಟೋವ್ ಸಿಡಿತ. ಒಂದೇ ಊರಿನಲ್ಲಿ, ಹೊಸದಾಗಿ ಮದುವೆಯಾದ ಸೊಸೆಯರ ಕೈಯಲ್ಲೇ ಸ್ಟೋವ್ ಯಾಕೆ ಹೀಗೆ ಸಿಡಿಯುತ್ತದೆ, ಅತ್ತೆಯ ಕೈಯಲ್ಲಿ ಯಾಕೆ ಸಿಡಿಯುವುದಿಲ್ಲ? ಈ ಪ್ರಶ್ನೆಯನ್ನು ಸರ್ಕಾರದ ಮುಂದೆ ಇಡಲು ಅವರಿಗೆ ಸಾಧ್ಯವಾದದ್ದು ಅವರ ಕೈಯಲ್ಲಿ ದಾಖಲೆ ಇದ್ದುದರಿಂದ.

ಬರೆಯುವವರು ಯಾರು?

1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಂದು ಸಾವೂ ನೋಂದಣಿಯಾಗಬೇಕು. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೇ ತಿಳಿಸಬೇಕು. ಮನೆಯಲ್ಲಿ ಸತ್ತರೆ ತಿಳಿಸಬೇಕಾದವನು ಆ ಮನೆಯ ಯಜಮಾನ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಗಂಡನ ಮನೆಯಲ್ಲಿ ಹೆಣ್ಣುಮಗಳು ಸತ್ತರೆ, ಅವಳ ಸಾವಿನ ಬಗ್ಗೆ ಸರ್ಕಾರಿ ಪುಸ್ತಕದಲ್ಲಿ ಬೀಳುವ ಮೊದಲ ಮಾತು ಗಂಡನ ಮನೆಯವರದು. 'ಹೊಟ್ಟೆನೋವು' ಅಂದರೆ ಹೊಟ್ಟೆನೋವು. ನೋಂದಣಿ ಮಾಡಿದವರಿಗೆ ಉಚಿತವಾಗಿ ಕೊಡುವ ಪ್ರಮಾಣ ಪತ್ರವೂ ಅವರ ಕೈಗೇ ಹೋಗುತ್ತದೆ. ತವರಿನವರು ಅಳುತ್ತಾ ಊರಿಗೆ ವಾಪಸು ಬರುತ್ತಾರೆ, ಬರಿಗೈಯಲ್ಲಿ.

ಆದರೆ ಅದೇ ಕಾಯಿದೆಯ 17ನೇ ಕಲಮು ನಮಗೆ ಒಂದು ಬಾಗಿಲು ತೆರೆದಿಟ್ಟಿದೆ. ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ದಾಖಲೆಯ ಪ್ರತಿ ಪಡೆಯಬಹುದು. ತಾಯಿ ಕೇಳಬಹುದು, ತಮ್ಮ ಕೇಳಬಹುದು. "ಗಂಡ ಬರಬೇಕು, ಮಾವ ಸಹಿ ಹಾಕಬೇಕು" ಎಂದು ಯಾರಾದರೂ ಹೇಳಿದರೆ, ಯಾವ ನಿಯಮದಲ್ಲಿ ಹಾಗಿದೆ ಎಂದು ಬರೆದುಕೊಡಿ ಎಂದು ವಿನಯದಿಂದಲೇ ಕೇಳಿ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಮರಣ ಪ್ರಮಾಣ ಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಕಾರಣವನ್ನು ಹೊರಗೆಡಹಬಾರದು ಎಂದು ಅದೇ 17ನೇ ಕಲಮು ಹೇಳುತ್ತದೆ. ಹೆಸರು, ದಿನಾಂಕ, ಸ್ಥಳ, ತಂದೆ ತಾಯಿ ಅಥವಾ ಗಂಡನ ಹೆಸರು, ನೋಂದಣಿ ಸಂಖ್ಯೆ — ಅಷ್ಟೇ. ಹಾಗಾಗಿ ಈ ಕಾಗದ ಹಿಡಿದುಕೊಂಡು "ನಮ್ಮ ಹುಡುಗಿ ಹೇಗೆ ಸತ್ತಳು" ಎಂದು ಸಾಧಿಸಲು ಆಗುವುದಿಲ್ಲ. ಅದಕ್ಕೆ ಬೇರೆ ಕಾಗದಗಳು ಬೇಕು. ಅವುಗಳಿಗೆ ಆಮೇಲೆ ಬರುತ್ತೇನೆ.

ಯಾವ ಊರಿನಲ್ಲಿ ಹುಡುಕಬೇಕು?

ಗುಬ್ಬಿ ತಾಲ್ಲೂಕಿನ ಒಬ್ಬ ತಾಯಿ ಎಂಟು ತಿಂಗಳು ಅಲೆದಿದ್ದರು. ಮಗಳನ್ನು ಕುಣಿಗಲ್ ಕಡೆಗೆ ಕೊಟ್ಟಿದ್ದರು. ಸುಟ್ಟಗಾಯವಾದಾಗ ಮೊದಲು ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಿದರು. ನಾಲ್ಕನೇ ದಿನ ಹುಡುಗಿ ತೀರಿಕೊಂಡಳು. ಗಂಡನ ಊರಿನಲ್ಲಿ ಕೇಳಿದರೆ "ನಮ್ಮೂರಲ್ಲಿ ಸತ್ತಿಲ್ಲವಲ್ಲಮ್ಮ, ನಮ್ಮಲ್ಲಿ ಹೆಂಗಿರ್ತದೆ?" ತುಮಕೂರಿನಲ್ಲಿಯೂ ಅದೇ ಉತ್ತರ. ಅವರು ಹೇಳಿದ್ದು ಸುಳ್ಳಲ್ಲ. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿ. ಹುಟ್ಟಿದ ಊರು, ಕೊಟ್ಟ ಊರು, ಮಣ್ಣು ಮಾಡಿದ ಊರು ಯಾವುದೂ ಲೆಕ್ಕಕ್ಕಿಲ್ಲ. ಆ ತಾಯಿಯ ಎಲೆಅಡಿಕೆ ಚೀಲದಲ್ಲಿ ಮಡಿಚಿಟ್ಟ ಬೆಂಗಳೂರಿನ ಆಸ್ಪತ್ರೆಯ ಒಂದು ಚೀಟಿ ಇತ್ತು. ಅದರ ಮೇಲೆ ಒಳರೋಗಿ ನಂಬರು. ಆ ನಂಬರು ಹಿಡಿದು ಹೋದ ಮೇಲೆ ಬೆಂಗಳೂರಿನಲ್ಲಿ ಪ್ರಮಾಣ ಪತ್ರ ಸಿಕ್ಕಿತು.

ಆದ್ದರಿಂದ ನೆನಪಿಡಿ. ತುಮಕೂರು ನಗರದೊಳಗೆ ಸತ್ತಿದ್ದರೆ ಮಹಾನಗರ ಪಾಲಿಕೆ. ಗುಬ್ಬಿ ಪಟ್ಟಣದೊಳಗಾದರೆ ಪಟ್ಟಣ ಪಂಚಾಯಿತಿ. ಕುಣಿಗಲ್ ಪಟ್ಟಣದೊಳಗಾದರೆ ಪುರಸಭೆ. ಚೇಳೂರು, ನಿಟ್ಟೂರು, ಹುಲಿಯೂರುದುರ್ಗ, ಅಮೃತೂರು ಹೋಬಳಿಗಳ ಹಳ್ಳಿಗಳಲ್ಲಿ ನಾವು ಬಲ್ಲ ಗ್ರಾಮ ಲೆಕ್ಕಿಗರು. ಈಗ ಅವರ ಹೆಸರು ಗ್ರಾಮ ಆಡಳಿತಾಧಿಕಾರಿ. ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯಲ್ಲೇ ನೋಂದಣಿ ವಿಭಾಗ ಇದೆಯೇ ಎಂದು ಮೊದಲು ಕೇಳಿ. ದಾರಿಯಲ್ಲಿ, ವಾಹನದಲ್ಲಿ ಪ್ರಾಣ ಹೋಗಿದ್ದರೆ ಆ ವಾಹನ ಮೊದಲು ನಿಂತ ಸ್ಥಳವೇ ನೋಂದಣಿಯ ಸ್ಥಳ. ಹಳೆಯ ಸಾವುಗಳಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹುಡುಕಿಸಬೇಕು. ಅಲ್ಲಿ ವರ್ಷ ಮತ್ತು ಗ್ರಾಮದ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸರಿಯಾದ ತಾರೀಖು ನೆನಪಿಲ್ಲದಿದ್ದರೆ ತಿಥಿ ಯಾವ ಹಬ್ಬದ ಹಿಂದೆ ಮುಂದೆ ಬರುತ್ತದೆ ಎಂದು ಲೆಕ್ಕ ಹಾಕಿ, ತಿಂಗಳನ್ನಾದರೂ ಬರೆಯಿರಿ.

ಹೆಸರಿನ ಗೊಂದಲ ಇನ್ನೊಂದು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು. ಅರ್ಜಿಯಲ್ಲಿ ಎಲ್ಲ ಹೆಸರುಗಳನ್ನೂ ಬರೆದು ಹುಡುಕಲು ಹೇಳಿ. ತಪ್ಪು ಬಿದ್ದಿದ್ದರೆ 15ನೇ ಕಲಮಿನ ಕೆಳಗೆ ತಿದ್ದುಪಡಿಗೆ ಅವಕಾಶವಿದೆ.

ಹುಡುಕಿದ ಮೇಲೂ ಇಲ್ಲವೆಂದರೆ ಬಾಯಿ ಮಾತಿಗೆ ಒಪ್ಪಿ ಎದ್ದು ಬರಬೇಡಿ. 'ದಾಖಲೆ ಲಭ್ಯವಿಲ್ಲ' ಎಂಬ ಪ್ರಮಾಣ ಪತ್ರವನ್ನು ನಮೂನೆ 10ರಲ್ಲಿ ಕೊಡುತ್ತಾರೆ. ತಡವಾದ ನೋಂದಣಿಗೆ ಅದೇ ಆಧಾರ. ಸಾವನ್ನು 21 ದಿನಗಳ ಒಳಗೆ ತಿಳಿಸಬೇಕು. 30 ದಿನಗಳವರೆಗೆ ತಡ ಶುಲ್ಕ ಕಟ್ಟಿದರೆ ಸಾಕು. ಅದರ ಮೇಲೆ ಒಂದು ವರ್ಷದವರೆಗೆ ಜಿಲ್ಲಾ ರಿಜಿಸ್ಟ್ರಾರರ ಅಥವಾ ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಸಾವು ಸಹಜವಲ್ಲದಿದ್ದರೆ

ಈಗ ಕಷ್ಟದ ಮಾತಿಗೆ ಬರೋಣ. ಮದುವೆಯಾಗಿ ಏಳು ವರ್ಷಗಳ ಒಳಗೆ ಹೆಣ್ಣುಮಗಳು ಸುಟ್ಟು, ಪೆಟ್ಟಾಗಿ ಅಥವಾ ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿದ್ದರೆ ಅದು ವರದಕ್ಷಿಣೆ ಸಾವು. 1986ರಲ್ಲಿ 304-ಬಿ ಎಂದು ಬಂದ ಈ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ನಂಬರು ಬದಲಾಗಿದೆ, ಶಿಕ್ಷೆ ಬದಲಾಗಿಲ್ಲ: ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಏಳು ವರ್ಷದ ಒಳಗಿನ ಅಸಹಜ ಸಾವಿನಲ್ಲಿ ಅನುಮಾನವಿದ್ದರೆ, ಅಥವಾ ಬಂಧುಗಳಲ್ಲಿ ಯಾರಾದರೂ ಕೇಳಿಕೊಂಡರೆ, ಪೊಲೀಸರು ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಬೇಕು. ಇಂಥ ಸಾವಿನಲ್ಲಿ ತಹಸೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಬಂದು ಶವ ತನಿಖೆ ಮಾಡುತ್ತಾರೆ. ಆಗ ತವರಿನವರ ಹೇಳಿಕೆ ಬರೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ತಾಯಿಗೆ ಪ್ರಜ್ಞೆಯೇ ಇರುವುದಿಲ್ಲ. ತಂದೆಗೆ ಯಾರೋ ಪೆನ್ನು ಕೊಡುತ್ತಾರೆ, ಸಹಿ ಹಾಕಿಬಿಡುತ್ತಾರೆ. ಸಂಘದ ಇಬ್ಬರು ಹೆಂಗಸರು ಪಕ್ಕದಲ್ಲಿ ನಿಲ್ಲಬೇಕಾದದ್ದು ಅಲ್ಲಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಹೇಳಿದ ಮಾತು ಬರೆದಿದ್ದರೆ ಮಾತ್ರ ಸಹಿ ಹಾಕಲು ಹೇಳಿ.

ಕೊಟ್ಟ ದೂರಿನ ಮೇಲೆ ದಾಖಲಾದ ಎಫ್.ಐ.ಆರ್. ಪ್ರತಿಯನ್ನು ಠಾಣೆಯಲ್ಲಿ ಉಚಿತವಾಗಿ ಕೊಡಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಮರಣೋತ್ತರ ಪರೀಕ್ಷೆಯ ವರದಿ ಪೊಲೀಸರಿಗೆ ಹೋಗುತ್ತದೆ. ಅದರ ಪ್ರತಿಗೆ ತಂದೆ ತಾಯಿ ಲಿಖಿತ ಅರ್ಜಿ ಕೊಡಬೇಕು, ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಆಸ್ಪತ್ರೆಯವರು ಸಾವಿನ ಕಾರಣದ ವೈದ್ಯಕೀಯ ಪ್ರಮಾಣ ಪತ್ರವನ್ನು ನೋಂದಣಿ ಅಧಿಕಾರಿಗೆ ಕಳಿಸಿ, ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕೆಂದು 2023ರ ತಿದ್ದುಪಡಿ ಹೇಳುತ್ತದೆ. ಹತ್ತಿರದ ಬಂಧು ಎಂದರೆ ಗಂಡನೊಬ್ಬನೇ ಎಂದು ಅವರು ತಿಳಿದುಬಿಡುವ ಮುಂಚೆ ತವರಿನವರೂ ಕೇಳಬೇಕು.

ಹಾಗಾಗಿ ಪ್ರತಿ ಸಂಘದ ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಈ ಆರು ನಂಬರುಗಳನ್ನು ಬರೆದಿಟ್ಟುಕೊಳ್ಳಿ. ಒಂದು, ಗಾಯಗೊಂಡವಳನ್ನು ಮೊದಲು ತೋರಿಸಿದ ಆಸ್ಪತ್ರೆಯ ಎಂ.ಎಲ್.ಸಿ. ನಂಬರು. ಎರಡು, ಒಳರೋಗಿ ನಂಬರು. ಮೂರು, ಪೊಲೀಸ್ ಠಾಣೆಯ ಹೆಸರು ಮತ್ತು ಯು.ಡಿ.ಆರ್. ಅಥವಾ ಅಪರಾಧ ಸಂಖ್ಯೆ. ನಾಲ್ಕು, ಶವ ತನಿಖೆ ಮಾಡಿದ ಅಧಿಕಾರಿ ಮತ್ತು ದಿನಾಂಕ. ಐದು, ಮರಣೋತ್ತರ ಪರೀಕ್ಷೆಯ ನಂಬರು. ಆರು, ಮರಣ ನೋಂದಣಿ ಸಂಖ್ಯೆ. ಈ ಆರು ಇದ್ದರೆ ಹತ್ತು ವರ್ಷದ ನಂತರವೂ ಕಾಗದ ಹುಡುಕಬಹುದು. ಇವುಗಳ ಜೊತೆಗೆ ಲಗ್ನಪತ್ರಿಕೆ ಇಡಿ. ಏಳು ವರ್ಷ ಎಣಿಸಬೇಕಾದರೆ ಮದುವೆಯ ದಿನಾಂಕಕ್ಕೆ ಸಾಕ್ಷಿ ಬೇಕು.

ಮರಣ ಪ್ರಮಾಣ ಪತ್ರ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಏಳು ವರ್ಷದೊಳಗೆ ಅಸಹಜವಾಗಿ ಸತ್ತವಳಿಗೆ ಕೊಟ್ಟ ವರದಕ್ಷಿಣೆ, ಒಡವೆ ಅವಳ ಮಕ್ಕಳಿಗೆ ಸೇರಬೇಕು. ಮಕ್ಕಳಿಲ್ಲದಿದ್ದರೆ ತಂದೆ ತಾಯಿಗೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮು ಹಾಗೆ ಹೇಳುತ್ತದೆ. ಅದೇ ಒಡವೆ ಮುಂದಿನ ಮದುವೆಗೆ ಹೊಸ ಸೊಸೆಯ ಕೊರಳಿಗೆ ಹೋಗುವುದನ್ನು ನಾವು ಕಂಡಿದ್ದೇವೆ.

ಗಂಡ ಸತ್ತಾಗ

ದೌರ್ಜನ್ಯ ಎಂದರೆ ಹೊಡೆತ ಮಾತ್ರವೇ? ಕುಣಿಗಲ್ ತಾಲ್ಲೂಕಿನ ಒಬ್ಬ ತಂಗಿಯ ಗಂಡ ತೀರಿಕೊಂಡ. ಪ್ರಮಾಣ ಪತ್ರ ಮಾವನ ಪೆಟ್ಟಿಗೆಯಲ್ಲಿ. ಕೇಳಿದರೆ "ನಿನಗ್ಯಾಕೆ ಅದು, ಊಟ ಹಾಕ್ತಿಲ್ವಾ?" ಇತ್ತ ಮೈದುನ ಪೌತಿ ಖಾತೆಗೆ ಅರ್ಜಿ ಹಾಕಿಯಾಗಿತ್ತು, ವಂಶವೃಕ್ಷದಲ್ಲಿ ಇವಳ ಹೆಸರಿಲ್ಲದೆ. ಅವಳು ಮಾವನ ಜೊತೆ ಜಗಳವಾಡಲಿಲ್ಲ. ಸಂಘದ ಇಬ್ಬರ ಜೊತೆ ಹೋಗಿ, ಶುಲ್ಕ ಕಟ್ಟಿ, ತನ್ನ ಹೆಸರಿನಲ್ಲೇ ಪ್ರತಿ ತೆಗೆದುಕೊಂಡಳು. ಅದನ್ನಿಟ್ಟು ಖಾತೆಗೆ ತಕರಾರು ಕೊಟ್ಟಳು, ವಿಧವಾ ವೇತನಕ್ಕೆ ಅರ್ಜಿ ಹಾಕಿದಳು. ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡ ಉಯಿಲು ಬರೆಯದೆ ಸತ್ತರೆ ಹೆಂಡತಿ, ಮಕ್ಕಳು ಮತ್ತು ಗಂಡನ ತಾಯಿ ಮೊದಲ ಸಾಲಿನ ವಾರಸುದಾರರು. ಮೈದುನ ಆ ಸಾಲಿನಲ್ಲಿ ಇಲ್ಲ. ಬ್ಯಾಂಕಿನ ವಿಮೆ, ಸಂಘದ ಸಾಲದ ಲೆಕ್ಕ, ಎಲ್ಲಕ್ಕೂ ಮೊದಲು ಕೇಳುವುದು ಇದೇ ಕಾಗದ. ಒಂದಲ್ಲ, ಐದಾರು ಪ್ರತಿ ಒಟ್ಟಿಗೇ ತೆಗೆದಿಡಿ.

ಅರ್ಜಿ ಕೊಟ್ಟು ಉತ್ತರ ಬಾರದಿದ್ದರೆ ದಾರಿಗಳಿವೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ನಿಮ್ಮ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳಿ; 30 ದಿನಗಳಲ್ಲಿ ಉತ್ತರ ಕೊಡಬೇಕು. ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಆ ಶುಲ್ಕವೂ ಇಲ್ಲ. ಇನ್ನು ವಕೀಲರ ನೆರವು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರವಿದೆ. ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ.

ಅಕ್ಕ ತಂಗಿಯರೇ, ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಪೈಸೆ ಪೈಸೆ ಬರೆಯುವವರು ನೀವು. ಬ್ಯಾಂಕಿನವರು ತಪ್ಪಿದರೂ ನಿಮ್ಮ ಪುಸ್ತಕ ತಪ್ಪುವುದಿಲ್ಲ. ಅದೇ ಪುಸ್ತಕದಲ್ಲಿ ನಿಮ್ಮೂರಿನಿಂದ ಕೊಟ್ಟ ಹೆಣ್ಣುಮಕ್ಕಳ ಮದುವೆಯ ದಿನಾಂಕ, ಕೊಟ್ಟ ಊರು, ಕೊಟ್ಟ ಒಡವೆ ಬರೆದಿಡಿ. ಅವರು ಅಳುತ್ತಾ ತವರಿಗೆ ಬಂದ ದಿನವನ್ನೂ ಬರೆದಿಡಿ. ಸತ್ತ ಮೇಲೆ ಕಾಗದ ಹುಡುಕುವುದು ನ್ಯಾಯಕ್ಕಾಗಿ. ಬದುಕಿರುವಾಗ ಬರೆದಿಟ್ಟದ್ದು ಅವಳ ಜೀವವನ್ನೇ ಉಳಿಸೀತು. ಈ ತಿಂಗಳ ಸಭೆಯಲ್ಲೇ ಒಬ್ಬೊಬ್ಬ ಸಂಘದಿಂದ ಇಬ್ಬರನ್ನು ಈ ಕೆಲಸಕ್ಕೆ ಆರಿಸಿ. ಕಚೇರಿಗೆ ಮೊದಲ ಸಲ ಹೋಗಲು ಹೆದರಿಕೆಯಾದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಎರಡನೇ ಸಲ ನೀವೇ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.