ಅಜ್ಜಿಯ ಮನೆ, ಕಾನೂನಿನ ಅಳತೆಗೋಲು

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾಳೆ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹುಡುಕೋಕೆ ಹೊರಡ್ತೀವಿ. ಬಾಗಿಲಲ್ಲೇ ಮೊದಲ ಪ್ರಶ್ನೆ: ನೀವು ಯಾವ ಜನ? ಎರಡನೆಯದು: ಎಷ್ಟು ಜನ? ಎರಡನೆಯದರ ಹೊಟ್ಟೆಯಲ್ಲಿ ಮೊದಲನೆಯದು ಹೇಗೆ ಅಡಗಿ ಕೂರುತ್ತೆ ಅನ್ನೋದನ್ನ ಅಮೆರಿಕದ ಕರಿಯರ ಕೇಸುಗಳಿಂದ ನಾವು ಕಲಿಯಬೇಕು.

ಲೂಯಿವಿಲ್ ನಗರ ಒಂದು ಕಾನೂನು ಮಾಡಿತ್ತು. ಬಿಳಿಯರು ಹೆಚ್ಚಿರುವ ಬೀದಿಗೆ ಕರಿಯರು ವಾಸಕ್ಕೆ ಬರಕೂಡದು. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಸಮಾನತೆಯ ಹೆಸರಲ್ಲಲ್ಲ, ಆಸ್ತಿ ಮಾರುವವನ ಹಕ್ಕಿನ ಹೆಸರಲ್ಲಿ! ಕಾಲ ಕಳೆದಂತೆ ಬಣ್ಣದ ಮಾತು ಕಾನೂನಿನ ಕಾಗದದಿಂದ ಮಾಯವಾಯಿತು. 'ಒಂದು ಮನೆಗೆ ಒಂದೇ ಕುಟುಂಬ' ಅನ್ನೋ ಮಾತು ಬಂತು.

ನಮ್ಮಂಥ ವಿದ್ಯಾರ್ಥಿಗಳ ಕೇಸೂ ಉಂಟು. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಹಳ್ಳಿಯಲ್ಲಿ ಆರು ವಿದ್ಯಾರ್ಥಿಗಳು ಒಂದೇ ಮನೆಯಲ್ಲಿದ್ದರು. ನೆಂಟಸ್ತನವಿಲ್ಲದವರು ಇಬ್ಬರಿಗಿಂತ ಹೆಚ್ಚು ಇರಕೂಡದು ಅಂದಿತು ಹಳ್ಳಿಯ ಕಾನೂನು. 1974ರಲ್ಲಿ ಕೋರ್ಟು ಹಳ್ಳಿಯ ಕಡೆಗೇ ನಿಂತಿತು. ಯಾರ ಜೊತೆ ಬದುಕಬೇಕು ಅನ್ನೋದು ಮನುಷ್ಯನ ಮೂಲ ಹಕ್ಕು ಅಂತ ಭಿನ್ನ ತೀರ್ಪು ಬರೆದವರು ಥರ್ಗುಡ್ ಮಾರ್ಷಲ್, ಆ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ.

ಈಗ ಅಜ್ಜಿಯ ಕತೆ. ಓಹಾಯೋದ ಈಸ್ಟ್ ಕ್ಲೀವ್‌ಲ್ಯಾಂಡಿನಲ್ಲಿ ಐನೆಜ್ ಮೂರ್ ಅನ್ನೋ ಕರಿಯ ಅಜ್ಜಿ, ಮಗ ಮತ್ತು ಇಬ್ಬರು ಮೊಮ್ಮಕ್ಕಳೊಂದಿಗೆ ಸ್ವಂತ ಮನೆಯಲ್ಲಿದ್ದಳು. ಹುಡುಗರು ಅಣ್ಣತಮ್ಮಂದಿರ ಮಕ್ಕಳು. ಒಬ್ಬ ತಾಯಿ ಸತ್ತ ಮೇಲೆ ಅಜ್ಜಿಯ ಮಡಿಲಿಗೆ ಬಂದವನು. ನಮ್ಮ ಮಾತಲ್ಲಿ ಇಬ್ಬರೂ ಅಣ್ಣತಮ್ಮಂದಿರೇ. ಅಲ್ಲಿನ ಕಾನೂನಿನ 'ಕುಟುಂಬ'ದಲ್ಲಿ ಮಾತ್ರ ಎರಡನೆಯವನಿಗೆ ಜಾಗವಿಲ್ಲ. 1973ರಲ್ಲಿ ನೋಟೀಸು ಬಂತು: ಈ ಹುಡುಗ ಅಕ್ರಮ ನಿವಾಸಿ, ಹೊರಗೆ ಕಳಿಸು. ಅಜ್ಜಿ ಕಳಿಸಲಿಲ್ಲ. ಐದು ದಿನ ಜೈಲು, 25 ಡಾಲರ್ ದಂಡ ಅಂತ ಶಿಕ್ಷೆಯಾಯಿತು.

ನಗರದ ವಾದ ಏನು? ಜನಸಂದಣಿ, ವಾಹನ, ಶಾಲೆಗಳ ಮೇಲಿನ ಹೊರೆ. ಆ ಹುಡುಗರು ಒಂದೇ ತಾಯಿ ತಂದೆಯ ಮಕ್ಕಳಾಗಿದ್ದರೆ ತಕರಾರೇ ಇರಲಿಲ್ಲ! ತಲೆ ಎಣಿಕೆ ಅಷ್ಟೇ, ಸಂದಣಿ ಅಷ್ಟೇ. 1977ರಲ್ಲಿ ಅಜ್ಜಿ ಗೆದ್ದಳು. ಐದಕ್ಕೆ ನಾಲ್ಕು, ಒಂದೇ ಓಟಿನ ಅಂತರ. ಬಡವರಿಗೆ, ಕರಿಯರಿಗೆ ದೊಡ್ಡ ಕುಟುಂಬ ಅನ್ನೋದು ಬದುಕುಳಿಯುವ ದಾರಿ ಅಂತ ನ್ಯಾಯಮೂರ್ತಿ ಬ್ರೆನನ್ ಬರೆದರು.

ಕಹಿ ಮಾತೊಂದು ಬಾಕಿಯಿದೆ. ಆಗ ಆ ಊರಿನಲ್ಲಿ ಹೆಚ್ಚಿನವರು ಕರಿಯರೇ, ನಗರಸಭೆಯೂ ಕರಿಯರ ಕೈಯಲ್ಲೇ. ಮೇಲಕ್ಕೆ ಏರಿದವರು ಬಿಳಿಯರ ಅಳತೆಗೋಲನ್ನೇ ಹಿಡಿದು ತಮ್ಮವರನ್ನು ಅಳೆದರು.

ಇಲ್ಲಿ 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಅಹಮದಾಬಾದಿನ ಗೃಹನಿರ್ಮಾಣ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನಬಹುದು ಎಂದಿತು. ಇಂಥ ಬೈಲಾಗಳು ಯಾರನ್ನು ಹೊರಗಿಡುತ್ತವೆ ಅಂತ ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕೆ? ಆ ಬೈಲಾಗಳ ವಿರುದ್ಧ ಹೋರಾಡೋಣ. ಜೊತೆಗೆ ಒಂದು ಆಣೆಯನ್ನೂ ಇಟ್ಟುಕೊಳ್ಳೋಣ. ನಾವೂ ಸೈಟು ಕೊಂಡು ಗೇಟು ಹಾಕಿಸಿದ ದಿನ, ಓದೋಕೆ ಅಂತ ಟ್ರಂಕು ಹೊತ್ತು ಊರಿಂದ ಬಂದ ಚಿಕ್ಕಪ್ಪನ ಮಗನನ್ನು 'ಎಷ್ಟು ದಿನ ಇರ್ತೀಯಾ?' ಅಂತ ಕೇಳಬಾರದು.