ಗ್ರೀಕ್ ಲ್ಯಾಟಿನ್ ಓದಬಯಸುವವರಿಗೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ಸ್ನೇಹಿತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗಿ ಸಂಸ್ಕೃತದಲ್ಲಿ ಬಿ.ಎ. ಮುಗಿಸಿದ್ದಾಳೆ. ಇಂಗ್ಲೆಂಡಿಗೆ ಹೋಗಿ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದಲ್ಲಿ ಎಂ.ಎ. ಮಾಡಬೇಕೆಂದು ಅವಳ ಹಟ. ತಂದೆಗೆ ಇದು ಸುತರಾಂ ಒಪ್ಪಿಗೆಯಿಲ್ಲ. “ಅಲ್ಲಯ್ಯ, ಸಂಸ್ಕೃತ ಓದಿದ್ದಕ್ಕೇ ಕೆಲಸ ಸಿಗೋದು ಕಷ್ಟ, ಅದರ ಮೇಲೆ ಇದು ಬೇರೆ! ನೀನಾದರೂ ಬುದ್ಧಿ ಹೇಳು” ಎಂದರು. ಹುಡುಗಿ ಕೇಳಿದ್ದು ಬೇರೆ ಪ್ರಶ್ನೆ: “ಮಾಮ, ಈಗ ಶುರು ಮಾಡಿದರೆ ತೀರ ತಡವಾಯಿತೆ?”

ಬುದ್ಧಿ ಹೇಳುವ ಕೆಲಸ ನನಗೆ ಬಾರದು. ಆ ಓದು ಎಂಥದು ಎಂಬುದನ್ನು ಮಾತ್ರ ನನಗೆ ತಿಳಿದಷ್ಟು ಹೇಳಿದೆ. ಅದನ್ನೇ ಇಂದು ತಮ್ಮ ಮುಂದೆಯೂ ಇಡುತ್ತೇನೆ.

ಮೊದಲು ತಂದೆಯ ಪ್ರಶ್ನೆ. ಗ್ರೀಕ್ ಲ್ಯಾಟಿನ್ ಕಲಿತರೆ ಉದ್ಯೋಗ ಸಿಗುತ್ತಿದ್ದ ಕಾಲವೊಂದಿತ್ತು. ಅದೂ ನಮ್ಮ ದೇಶವನ್ನು ಆಳುವ ಉದ್ಯೋಗ! ೧೮೫೫ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಮೊದಲಾದಾಗ ಗ್ರೀಕಿಗೆ ೭೫೦ ಅಂಕ, ಲ್ಯಾಟಿನ್ನಿಗೆ ೭೫೦ ಅಂಕ. ಸಂಸ್ಕೃತಕ್ಕೆ? ೩೭೫. ಅರಬ್ಬೀ ಭಾಷೆಗೂ ಅಷ್ಟೆ. ಭಾರತಕ್ಕೆ ಬಂದು ಕಂದಾಯ ವಸೂಲು ಮಾಡುವವನಿಗೆ ಹೋಮರ್ ಕವಿಯಿಂದ ಏನು ಪ್ರಯೋಜನವೋ ಪರೀಕ್ಷೆಯನ್ನು ಗೊತ್ತುಮಾಡಿದವರೇ ಬಲ್ಲರು. ಆ ಕಾಲ ಹೋಯಿತು. ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಕಡ್ಡಾಯವೆಂಬ ನಿಯಮ ೧೯೨೦ರಲ್ಲಿಯೂ, ಲ್ಯಾಟಿನ್ ಕಡ್ಡಾಯವೆಂಬ ನಿಯಮ ೧೯೬೦ರಲ್ಲಿಯೂ ಬಿದ್ದುಹೋದುವು. ಈಗ ಈ ಪದವಿಯಿಂದ ದೊರೆಯಬಹುದಾದದ್ದು ಹೆಚ್ಚಾಗಿ ಅಧ್ಯಾಪಕ ವೃತ್ತಿ. ಅದಕ್ಕೂ ಸ್ಥಳಗಳು ಕಡಿಮೆ, ಕಾದಿರುವವರು ಬಹಳ. ಇದನ್ನು ಮುಚ್ಚಿಟ್ಟು ಹುಡುಗಿಯನ್ನು ಹುರಿದುಂಬಿಸುವುದು ನ್ಯಾಯವಲ್ಲ. ಅಲ್ಲಿನ ಶುಲ್ಕವೂ ನಮ್ಮವರಿಗೆ ಬಲು ಭಾರ. ವಿದ್ಯಾರ್ಥಿವೇತನ ದೊರೆಯದೆ ಮನೆ ಅಡವಿಟ್ಟು ಹೋಗತಕ್ಕ ಓದು ಇದಲ್ಲವೆಂದೇ ನನ್ನ ಅಭಿಪ್ರಾಯ.

ಪದವಿಯ ಹೆಸರಿನ ವಿಷಯ ಒಂದು ಮಾತು. ಆಕ್ಸ್‌ಫರ್ಡಿನ ಬಿ.ಎ. ಪದವೀಧರನಿಗೆ, ಅವನು ವಿಶ್ವವಿದ್ಯಾನಿಲಯವನ್ನು ಸೇರಿ ಇಪ್ಪತ್ತೊಂದು ಟರ್ಮು, ಎಂದರೆ ಏಳು ವರ್ಷ ಕಳೆದ ಮೇಲೆ, ಎಂ.ಎ. ಎಂಬುದು ಪರೀಕ್ಷೆಯಿಲ್ಲದೆಯೇ ಬರುತ್ತದೆ. ಕುಳಿತು ಓದಿ ಪಡೆಯುವ ಪದವಿಗಳು ಬೇರೆ: ಒಂದು ವರ್ಷದ ಎಂ.ಸ್ಟ್., ಎರಡು ವರ್ಷದ ಎಂ.ಫಿಲ್. ಅರ್ಜಿ ಹಾಕುವವರು ಈ ಭೇದ ತಿಳಿದಿರಬೇಕು. ಒಂದು ವರ್ಷ ಎನ್ನುವುದು ಕೂಡ ನಿಜವಾಗಿ ಒಂಬತ್ತು ತಿಂಗಳು.

ಈ ಒಂಬತ್ತು ತಿಂಗಳಲ್ಲಿ ಭಾಷೆ ಕಲಿತುಕೊಳ್ಳೋಣವೆಂದು ಹೊರಟವರು ಕೆಟ್ಟರು. ಗ್ರೀಸಿನ ಚರಿತ್ರೆಯನ್ನೂ ರೋಮಿನ ತತ್ತ್ವಶಾಸ್ತ್ರವನ್ನೂ ಇಂಗ್ಲಿಷಿನಲ್ಲಿ ಬೇಕಾದಷ್ಟು ಓದಬಹುದು. ಬಿ.ಎ. ತರಗತಿಯ ಬಾಗಿಲುಗಳು ಈಚೆಗೆ ಅಗಲವಾಗಿ ತೆರೆದಿವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯ ೨೦೨೧ರಲ್ಲಿ, ಈ ವಿಷಯವನ್ನು ಮುಖ್ಯವಾಗಿ ಆರಿಸಿಕೊಂಡವರಿಗೂ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲವೆಂದಿತು. ಬಡವರ ಶಾಲೆಗಳಲ್ಲಿ ಈ ಭಾಷೆಗಳನ್ನು ಹೇಳಿಕೊಡುವವರಿಲ್ಲ. ಅಂಥ ಮಕ್ಕಳಿಗೂ ದಾರಿಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಗೋಡೆ ಕರಗಲಿಲ್ಲ, ನಾಲ್ಕು ಹೆಜ್ಜೆ ಮುಂದಕ್ಕೆ ಸರಿಯಿತು, ಅಷ್ಟೆ. ಈ ಸಾಹಿತ್ಯದಲ್ಲಿ ಮುಂದಿನ ಪದವಿಗೆ ಬಂದವನ ಮುಂದೆ, ಅವನೆಂದೂ ಓದಿರದ ಗ್ರೀಕ್ ಭಾಗವೊಂದನ್ನು ಇಟ್ಟು, ನಿಘಂಟಿಲ್ಲದೆ ಅರ್ಥ ಹೇಳು ಎನ್ನುತ್ತಾರೆ. ಹದಿಮೂರನೆಯ ವಯಸ್ಸಿನಿಂದ ಲ್ಯಾಟಿನ್ ಓದಿ ಬಂದವನ ಪಕ್ಕದಲ್ಲಿ, ಮೂರು ವರ್ಷದ ಹಿಂದೆ ಅಕ್ಷರ ಕಲಿತವನೂ ಅದೇ ಕಾಗದಕ್ಕೆ ಉತ್ತರ ಬರೆಯಬೇಕು. ಈ ಕೊರತೆಯನ್ನು ತುಂಬಲೆಂದೇ ಅಮೆರಿಕದ ಪೆನ್ಸಿಲ್ವೇನಿಯ ಮುಂತಾದ ವಿಶ್ವವಿದ್ಯಾನಿಲಯಗಳಲ್ಲಿ ಬಿ.ಎ.ಗೂ ಎಂ.ಎ.ಗೂ ನಡುವೆ ಕೇವಲ ಭಾಷೆ ತಿದ್ದುವ ತರಗತಿಗಳನ್ನು ಏರ್ಪಡಿಸಿದ್ದಾರೆ. ತಡವಾಗಿ ಹೊರಟವರಿಗೆ ನಾನು ಮೊದಲು ತೋರಿಸುವ ಬಾಗಿಲು ಅದು.

ಹುಡುಗಿಯ ಮುಖ ಬಾಡಿತು. ಆಗ ನಾನು ಹೇಳಿದೆ: “ನಿನ್ನ ಕೈಯಲ್ಲಿ ಸಂಸ್ಕೃತವಿದೆ, ಮರೆಯಬೇಡ.” ಇಂಗ್ಲಿಷ್ ಹುಡುಗನಿಗೆ ವಿಭಕ್ತಿಯೆಂದರೇನೆಂದೇ ಮೊದಲು ತಿಳಿಸಬೇಕು. ನಮ್ಮವರಿಗೆ ಅದು ಅಂಗಳದ ಆಟ. ಗ್ರೀಕಿನಲ್ಲಿ ದ್ವಿವಚನವುಂಟು. ನಮ್ಮ ಆತ್ಮನೇಪದಕ್ಕೆ ಸಮನಾದ ಕ್ರಿಯಾರೂಪವೂ ಉಂಟು. ಭೂತಕಾಲಕ್ಕೆ ಸಂಸ್ಕೃತವು ಧಾತುವಿನ ಹಿಂದೆ ಅಕಾರ ಹಚ್ಚಿ ‘ಅಭರತ್’ ಎಂದರೆ, ಗ್ರೀಕು ಎಕಾರ ಹಚ್ಚಿ ‘ಎಫೆರೆ’ ಎನ್ನುತ್ತದೆ. ಎರಡಕ್ಕೂ ‘ಹೊರುತ್ತಿದ್ದನು’ ಎಂದೇ ಅರ್ಥ. ಸಂಸ್ಕೃತದ ಎಂಟು ವಿಭಕ್ತಿಗಳ ಸಂಸಾರ ಅಲ್ಲಿ ಸ್ವಲ್ಪ ಚಿಕ್ಕದಾಗಿದೆ. ಲ್ಯಾಟಿನ್ನಿನ ಪಂಚಮಿ ನಮ್ಮ ತೃತೀಯೆಯನ್ನೂ ಬಹುಮಟ್ಟಿಗೆ ಸಪ್ತಮಿಯನ್ನೂ ನುಂಗಿಕೊಂಡಿದೆ. ಗ್ರೀಕಿನಲ್ಲಿ ಪಂಚಮಿಯ ಕೆಲಸ ಷಷ್ಠಿಯ ಪಾಲಿಗೆ ಬಂದಿದೆ.

ಇನ್ನು ಓದುವ ಕ್ರಮ. ಲ್ಯಾಟಿನ್ ಪದ್ಯದಲ್ಲಿ ವಿಶೇಷಣ ಒಂದು ಸಾಲಿನಲ್ಲಿದ್ದರೆ ವಿಶೇಷ್ಯ ಇನ್ನೊಂದು ಸಾಲಿನಲ್ಲಿ. ಅನ್ವಯ ಮಾಡದೆ ಅರ್ಥವಾಗದು. ನಮ್ಮ ಪಾಠಶಾಲೆಯ ಪಂಡಿತರು ಮಾಡಿಸುತ್ತಿದ್ದ ಪದಚ್ಛೇದ, ಅನ್ವಯ, ಪ್ರತಿಪದಾರ್ಥಗಳನ್ನೇ ಅಲ್ಲಿ ಮೇಜಿನ ಸುತ್ತ ಕುಳಿತು ಮಾಡುತ್ತಾರೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಪಾಠಾಂತರಗಳ ಸಾಲು. ಯಾವ ಓಲೆಪ್ರತಿಯಲ್ಲಿ, ಅಲ್ಲಲ್ಲ, ಯಾವ ತೊಗಲಿನ ಪ್ರತಿಯಲ್ಲಿ ಯಾವ ಪಾಠವಿದೆ ಎಂಬ ಲೆಕ್ಕ. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತವನ್ನು ತಿರುವಿ ನೋಡಿದವರಿಗೆ ಇದು ಹೊಸದಲ್ಲ. ಒಂದು ವಾರಕ್ಕೆ ನಲವತ್ತು ಸಾಲು ಸಾಗಿದರೂ ಹೆಚ್ಚು ಎನ್ನಿಸುವ ದಿನಗಳುಂಟು. ಇಂಥ ಓದಿನಲ್ಲಿ ಸಂತೋಷವಿಲ್ಲದವನಿಗೆ ಈ ಪದವಿ ಸೆರೆಮನೆಯೇ ಸರಿ.

ಪದವಿಯ ಮಾತು ಬಂದಾಗ ಹೌಸ್ಮನ್ ನೆನಪಾಗುತ್ತಾನೆ. ಕವಿಯಾಗಿ ಅವನನ್ನು ಬಲ್ಲವರು ಹೆಚ್ಚು. ಆಕ್ಸ್‌ಫರ್ಡಿನಲ್ಲಿ ೧೮೭೯ರ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವನು ೧೮೮೧ರಲ್ಲಿ, ಅಂತಿಮ ಪರೀಕ್ಷೆಯಲ್ಲಿ, ನಪಾಸಾದ. ಹೊಟ್ಟೆಪಾಡಿಗೆ ಲಂಡನಿನ ಪೇಟೆಂಟ್ ಕಚೇರಿ ಸೇರಿದ. ಹತ್ತು ವರ್ಷ ಹಗಲೆಲ್ಲ ಗುಮಾಸ್ತಗಿರಿ, ಸಂಜೆ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯ. ಯಾರೂ ಓದು ಎಂದು ಹೇಳಿರಲಿಲ್ಲ. ಅಲ್ಲಿ ಕುಳಿತು ಬರೆದ ಲೇಖನಗಳ ಬಲದಿಂದ ೧೮೯೨ರಲ್ಲಿ ಲಂಡನಿನ ಯೂನಿವರ್ಸಿಟಿ ಕಾಲೇಜಿಗೆ ಲ್ಯಾಟಿನ್ ಪ್ರೊಫೆಸರ್ ಆದ. ಅರ್ಜಿಯಲ್ಲಿ ತಾನು ನಪಾಸಾದ ಸಂಗತಿಯನ್ನು ತಾನೇ ಬರೆದಿದ್ದನಂತೆ. ಆ ಅದೃಷ್ಟ ಎಲ್ಲರಿಗೂ ಬರುವುದಿಲ್ಲ, ನಿಜ. ಅದೃಷ್ಟವನ್ನು ಬಿಡಿ, ಆ ಹತ್ತು ವರ್ಷದ ಸಂಜೆಗಳನ್ನು ನೋಡಿ.

ಸ್ನೇಹಿತರು ಸುಮ್ಮನಿರಲಿಲ್ಲ. “ಅದೆಲ್ಲ ಸರಿ, ನಮಗೂ ಅದಕ್ಕೂ ಏನು ಸಂಬಂಧ?” ಎಂದರು. ಸಂಬಂಧವಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ ಗ್ರೀಕ್ ಪ್ರಹಸನವೊಂದು ಸಿಕ್ಕಿತು. ಹಾಳೆ ಕ್ರಿಸ್ತಶಕ ಎರಡನೆಯ ಶತಮಾನದ್ದು. ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು ೧೯೦೩ರಲ್ಲಿ ಅಚ್ಚುಮಾಡಿಸಿದರು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಮೈಮರೆಸಿ, ಅವಳ ಅಣ್ಣನೂ ಸಂಗಡಿಗರೂ ಬಿಡಿಸಿಕೊಂಡು ಹೋಗುವ ಕಥೆ. ಆ ರಾಜನ ಕಡೆಯವರು ಆಡುವ ಅನ್ಯಭಾಷೆಯ ಮಾತುಗಳನ್ನು ಗ್ರೀಕ್ ಅಕ್ಷರದಲ್ಲಿ ಬರೆದಿದೆ. ಅದು ಕನ್ನಡವೆಂದು ೧೯೦೪ರಲ್ಲಿ ಹುಲ್ಟ್‌ಷ್ ಸೂಚಿಸಿದರು. ನಮ್ಮ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಪಕ್ಷ ಹಿಡಿದರು. ಬಾರ್ನೆಟ್ ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ. ಜಗಳ ಇನ್ನೂ ತೀರಿಲ್ಲ.

ತೀರದೆ ಇರುವುದಕ್ಕೆ ಕಾರಣವುಂಟು. ಆ ಕಾಲದ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಎಲ್ಲಿ ಒಡೆದರೆ ಯಾವ ಮಾತಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗ್ರೀಕ್ ಲಿಪಿಕಾರನ ಕೈ ಎಲ್ಲಿ ತಪ್ಪುತ್ತದೆ, ಯಾವ ಅಕ್ಷರ ಯಾವುದರಂತೆ ಕಾಣುತ್ತದೆ ಎಂದು ಬಲ್ಲವರಿಗೆ ಹಳಗನ್ನಡ ಬಾರದು. ಹಳಗನ್ನಡ ಬಲ್ಲ ನಮ್ಮಲ್ಲಿ ಹೆಚ್ಚಿನವರು ಅಚ್ಚಾದ ಪಾಠವನ್ನೇ ನಂಬಿ ವಾದಿಸುತ್ತೇವೆ. ಎರಡನ್ನೂ ಅರಿತು ಆ ಹಾಳೆಯ ಮುಂದೆ ಕೂರುವವರು ಬೇಕು. ಕೂತವರು ‘ಇದು ಕನ್ನಡವಲ್ಲ’ ಎಂದೇ ತೀರ್ಮಾನಿಸಬಹುದು. ಆಗಲಿ, ತಿಳಿದು ಹೇಳಿದಂತಾಯಿತು.

ಆ ದಿನ ತಂದೆ ಮಗಳು ಕಾಫಿ ಕುಡಿದು ಹೊರಟುಹೋದರು. ಮೊನ್ನೆ ಸ್ನೇಹಿತರು ಮತ್ತೆ ಸಿಕ್ಕಿದ್ದರು. ಹುಡುಗಿ ಅರ್ಜಿ ಹಾಕುವುದನ್ನು ಎರಡು ವರ್ಷ ಮುಂದಕ್ಕೆ ಹಾಕಿದ್ದಾಳಂತೆ. ಬೆಳಗಿನ ಜಾವ ಐದಕ್ಕೆ ಎದ್ದು ಗ್ರೀಕ್ ಕ್ರಿಯಾರೂಪಗಳನ್ನು ಉರುಹೊಡೆಯುತ್ತಾಳೆ, ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ ಎಂದು ದೂರಿದರು. ಆಮೇಲೆ ಸ್ವಲ್ಪ ತಡೆದು, “ಅಭರತ್, ಎಫೆರೆ ಅಂತ ನನಗೂ ಬಾಯಿಗೆ ಬಂದುಬಿಟ್ಟಿದೆ, ಮಾರಾಯ” ಎಂದರು.